ಕ್ಯಾಮೆರಾ ತಂದ ದಿನವೇ ಗೋಡೆಗೆ ತೂತು ಹೊಡೆಯಬೇಡಿ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದೆ. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ಅಪ್ಪಯ್ಯ, ಅಮ್ಮ ಇಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಮೇಲೆ ಒಂದು ಕಣ್ಣಿರಲಿ ಅಂತ ನಾಲ್ಕು ಕ್ಯಾಮೆರಾ ಹಾಕಬೇಕೆಂದಿದ್ದೇನೆ. ಅಂಗಡಿಯವರು ವೈರಿಂಗ್ ಸೇರಿ 28 ಸಾವಿರ ಹೇಳಿದರು. ವೈರ್‌ಲೆಸ್ ಕ್ಯಾಮೆರಾ ತಂದು ದೀಪಾವಳಿ ರಜೆಯಲ್ಲಿ ನಾನೇ ಹಾಕಬಹುದೇ? ಫೈಬರ್ ಇಂಟರ್ನೆಟ್ ಇದೆ. ಮಳೆಗಾಲದಲ್ಲಿ ಕರೆಂಟಿನ ವಿಷಯ ಮಾತ್ರ ಕೇಳಬೇಡಿ.

ಉತ್ತರ: ಧಾರಾಳವಾಗಿ ಹಾಕಬಹುದು. ಆದರೆ ‘ವೈರ್‌ಲೆಸ್’ ಅನ್ನೋ ಪದದ ಬಗ್ಗೆ ಮೊದಲು ಎರಡು ಮಾತು. ನನ್ನ ಹತ್ತಿರ ರಿಪೇರಿಗೆ ಬರುವವರಲ್ಲಿ ಎಷ್ಟೋ ಜನ ಆ ಪದವನ್ನು ನಂಬಿಯೇ ಕೆಟ್ಟವರು.

ವೈರ್‌ಲೆಸ್ ಅಂದರೆ ಚಿತ್ರ ಕಳಿಸೋಕೆ ವೈರ್ ಬೇಡ, ಅಷ್ಟೇ. ಕರೆಂಟಿಗೆ ವೈರ್ ಬೇಕೇ ಬೇಕು. ಡಬ್ಬಿ ತೆಗೆದು ನೋಡಿದರೆ ಒಳಗೆ ಒಂದು ಅಡಾಪ್ಟರ್, ಎರಡು ಮೂರು ಮೀಟರ್ ಕೇಬಲ್ ಇರುತ್ತದೆ. ಅಂದರೆ ಕ್ಯಾಮೆರಾ ಕೂರಿಸುವ ಜಾಗದಿಂದ ಎಂಟು ಹತ್ತು ಅಡಿಯೊಳಗೆ ಪ್ಲಗ್ ಪಾಯಿಂಟ್ ಇರಬೇಕು. ನಿಮ್ಮ ಮನೆ ಸೂರಿನ ಕೆಳಗೆ, ಅಂಗಳದ ಕಡೆಗೆ, ಎಷ್ಟು ಪಾಯಿಂಟ್ ಇವೆ? ಹಳೇ ಮನೆಗಳಲ್ಲಿ ಜಗಲಿ ದೀಪಕ್ಕೆ ಒಂದು ಹೋಲ್ಡರ್ ಇದ್ದರೆ ಜಾಸ್ತಿ. ನಿಮ್ಮ ಕೆಲಸ ಶುರುವಾಗೋದು ಅಲ್ಲಿಂದ. ಯಾವ ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್ ಅನ್ನೋದೆಲ್ಲ ಆಮೇಲೆ.

ಬ್ಯಾಟರಿ ಕ್ಯಾಮೆರಾ, ಸೋಲಾರ್ ಕ್ಯಾಮೆರಾ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಬ್ಯಾಟರಿ ಕ್ಯಾಮೆರಾ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಎದುರಿಗೆ ಬಿಸಿ ಮೈಯ ಮನುಷ್ಯನೋ ಪ್ರಾಣಿಯೋ ಅಲುಗಾಡಿದರೆ ಅದರ ಪಿಐಆರ್ ಸೆನ್ಸರ್ ಎಬ್ಬಿಸುತ್ತದೆ, ಎದ್ದು ಹತ್ತಿಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿ ಮತ್ತೆ ಮಲಗುತ್ತದೆ. ಏಳುವಷ್ಟರಲ್ಲಿ ಬಂದವನು ಅರ್ಧ ಅಂಗಳ ದಾಟಿರುತ್ತಾನೆ. ಇನ್ನೊಂದು ವಿಷಯ, ಈ ಸೆನ್ಸರ್‌ಗೆ ಅಡ್ಡ ಹಾದು ಹೋಗುವವರು ಚೆನ್ನಾಗಿ ತಿಳಿಯುತ್ತಾರೆ, ನೇರ ಎದುರಿಗೆ ನಡೆದು ಬರುವವರು ತಡವಾಗಿ. ಸೋಲಾರ್ ವಿಷಯ ನಿಮಗೇ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಲ್ಲಿ ಬಟ್ಟೆಯೇ ಒಣಗೋದಿಲ್ಲ, ಅಂಗೈ ಅಗಲದ ಪ್ಯಾನಲ್ ಬ್ಯಾಟರಿ ತುಂಬಿಸುತ್ತದೆಯೇ? ಚಿತ್ರದುರ್ಗದ ಕಡೆಯವರು ಕೇಳಿದ್ದರೆ ಬೇರೆ ಉತ್ತರ ಹೇಳುತ್ತಿದ್ದೆ. ಮಲೆನಾಡಿಗೆ, ಸೂರಿನ ಕೆಳಗೆ, ಕರೆಂಟಿಗೆ ಸಿಕ್ಕಿಸುವ ಸಾಮಾನ್ಯ ವೈಫೈ ಕ್ಯಾಮೆರಾವೇ ಸರಿ.

ಈಗ ನಾಲ್ಕು ಕ್ಯಾಮೆರಾ ಅಂದಿರಲ್ಲ, ಆ ಲೆಕ್ಕಕ್ಕೆ ಬರೋಣ. ನಾಲ್ಕು ಯಾಕೆ? ಅಂಗಡಿಯವರ ಪ್ಯಾಕ್ ನಾಲ್ಕರದ್ದು ಅಂತಲೇ ಅಲ್ವಾ? ಪ್ರತಿ ಕ್ಯಾಮೆರಾಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ನನಗೆ ಏನು ಗೊತ್ತಾಗಬೇಕು? ‘ಯಾರೋ ಬಂದರು’ ಅಂತ ಗೊತ್ತಾದರೆ ಸಾಕೋ, ‘ಬಂದವನು ಇವನೇ’ ಅಂತ ಮುಖ ಕಾಣಬೇಕೋ? ಇವೆರಡೂ ಬೇರೆ ಬೇರೆ ಕೆಲಸ. ಒಂದೇ ಕ್ಯಾಮೆರಾ ಎರಡನ್ನೂ ಮಾಡಲಿ ಅಂತ ಅಂಗಳದ ಮೂಲೆಯಲ್ಲಿ ಎತ್ತರಕ್ಕೆ ಕೂರಿಸುತ್ತಾರೆ. ಕೊನೆಗೆ ಎರಡೂ ಆಗೋದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಗುರುತೇ ಇಲ್ಲದ ಒಬ್ಬನ ಮುಖವನ್ನು ವಿಡಿಯೊ ನೋಡಿ ಸರಿಯಾಗಿ ಹೇಳಬೇಕಾದರೆ ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಸಿಗಬೇಕು ಅನ್ನೋದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಳತೆ. ಪರಿಚಯದವರನ್ನು ಗುರುತಿಸೋಕೆ ಅದರ ಅರ್ಧ, 125 ಸಾಕು. ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅದನ್ನು 250ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಏಳೂಮುಕ್ಕಾಲು ಮೀಟರ್. ಅಂದರೆ ಚಿತ್ರದಲ್ಲಿ ಅಷ್ಟು ಅಗಲದ ಜಾಗ ಮಾತ್ರ ಕಾಣುವಷ್ಟು ಹತ್ತಿರದಲ್ಲಿ ಆ ಮನುಷ್ಯ ಇರಬೇಕು. ಅಂಗಡಿಯಲ್ಲಿ ಸಿಗುವ 2.8 ಮಿಲಿಮೀಟರ್ ಲೆನ್ಸು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಆ ಲೆನ್ಸಿಗೆ ಈ ದೂರ ಬರೋದು ಮೂರು ಮೀಟರ್ ಚಿಲ್ಲರೆ, ಅಂದರೆ ಹತ್ತು ಅಡಿ! ಪರಿಚಯದವರಾದರೆ ಇಪ್ಪತ್ತು ಅಡಿ. ಅದರಾಚೆ ಇರುವವರೆಲ್ಲ ‘ಯಾರೋ ಒಬ್ಬ, ಪಂಚೆ ಉಟ್ಟಿದ್ದ’ ಅಷ್ಟೇ. ಅದೂ ಹಗಲಿನ ಲೆಕ್ಕ. ಸರಿ, ಫುಲ್ ಎಚ್‌ಡಿ ಬಿಟ್ಟು 4 ಮೆಗಾಪಿಕ್ಸೆಲ್ ತಂದರೆ? ಹತ್ತು ಅಡಿ ಇದ್ದದ್ದು ಹದಿನಾಲ್ಕು ಅಡಿ ಆಗುತ್ತದೆ. ಅಷ್ಟಕ್ಕೇ ದುಡ್ಡು ಜಾಸ್ತಿ. ಅದರ ಬದಲು 6 ಮಿಲಿಮೀಟರ್ ಲೆನ್ಸಿನ ಫುಲ್ ಎಚ್‌ಡಿ ಕ್ಯಾಮೆರಾ ಸಿಕ್ಕರೆ ಅದೇ ಮುಖ ಇಪ್ಪತ್ತೈದು ಅಡಿಯಿಂದ ಕಾಣುತ್ತದೆ, ನೋಟದ ಅಗಲ ಮಾತ್ರ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಡಬ್ಬಿ ಮೇಲೆ ದೊಡ್ಡದಾಗಿ ಬರೆದ ಮೆಗಾಪಿಕ್ಸೆಲ್ ಬಿಟ್ಟು ಹಿಂಭಾಗದಲ್ಲಿ ಸಣ್ಣಕ್ಕೆ ಬರೆದ ಲೆನ್ಸಿನ ಅಳತೆ ಓದಿ.

ಇದರ ಪ್ರಕಾರ ನಿಮ್ಮ ಮನೆಗೆ ನಾನು ಹೇಳೋದು ಮೂರು. ಒಂದು, ಜಗಲಿಗೆ ಹತ್ತುವ ಮೆಟ್ಟಿಲಿನ ಮೇಲೆ, ಎಂಟು ಅಡಿ ಎತ್ತರದಲ್ಲಿ. ಇದು ಮುಖಕ್ಕೆ. ಎಂಟೊಂಬತ್ತು ಅಡಿಗಿಂತ ಮೇಲೆ ಹೋದರೆ ಟೋಪಿ, ಬೋಳುತಲೆ ಕಾಣುತ್ತದೆ, ಮುಖ ಕಾಣೋದಿಲ್ಲ. ಎರಡನೆಯದು ಸೂರಿನ ಮೂಲೆಯಿಂದ ಇಡೀ ಅಂಗಳ ನೋಡುವಂತೆ. ಇದು ‘ಯಾರೋ ಬಂದರು’ ಅನ್ನೋದಕ್ಕೆ. ಮೂರನೆಯದು ಹಿಂದಿನ ಕೊಟ್ಟಿಗೆ ಬಾಗಿಲಿಗೆ. ದಣಪೆ, ಅಂದರೆ ಬೇಲಿಯ ಬಾಗಿಲು, ಅದರ ಹತ್ತಿರ ಒಂದು ಬೇಕಿತ್ತು ಅಂತ ನಿಮಗನಿಸಬಹುದು. ಮನೆಯಿಂದ ಅಷ್ಟು ದೂರಕ್ಕೆ ವೈಫೈ ಹೋಗೋದಿಲ್ಲ, ಅಲ್ಲಿ ಕರೆಂಟೂ ಇಲ್ಲ. ಬಿಟ್ಟುಬಿಡಿ.

ವೈಫೈ ಅಂದೆನಲ್ಲ, ಹೆಚ್ಚಿನವರು ಎಡವೋದು ಇಲ್ಲೇ. ಜಂಬಿಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ. ರೂಟರ್ ನಡುಮನೆಯಲ್ಲಿ ಟಿವಿ ಪಕ್ಕ, ಅದರ ಹಿಂದೆ ಕಬ್ಬಿಣದ ಬೀರು. ಅಲ್ಲಿಂದ ಹೊರಗಿನ ಸೂರಿಗೆ ಸಿಗ್ನಲ್ ಎರಡು ಗೋಡೆ ದಾಟಬೇಕು. ಅಂಗಳಕ್ಕೆ ತಗಡಿನ ಶೀಟ್ ಹೊದಿಸಿದ್ದರೆ ಅದರ ಆಚೆಗೆ ಸಿಗ್ನಲ್ ಹಾಯೋದೇ ಕಷ್ಟ. ನಿಮ್ಮ ಫೋನಿಗೆ ಒಂದು ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ, ಬಿಟ್ಟಿ ಸಿಗುತ್ತದೆ. ಕ್ಯಾಮೆರಾ ಇಡಬೇಕಾದ ಜಾಗದಲ್ಲೇ, ಏಣಿ ಹತ್ತಿ, ಫೋನ್ ಹಿಡಿದು ನೋಡಿ. ಮೈನಸ್ 50, ಮೈನಸ್ 60 ಹೀಗೆ ತೋರಿಸುತ್ತದೆ. ಮೈನಸ್ ಆದ್ದರಿಂದ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. 60ರೊಳಗೆ ಇದ್ದರೆ ನಿಶ್ಚಿಂತೆ. 70 ದಾಟಿದರೆ ಹಗಲು ಕೆಲಸ ಮಾಡಿ ಮಳೆ ಬಂದ ರಾತ್ರಿ ಕೈಕೊಡುತ್ತದೆ. ರಾತ್ರಿ ಬಾಗಿಲುಗಳನ್ನೆಲ್ಲ ಹಾಕಿದ ಮೇಲೂ ಒಮ್ಮೆ ನೋಡಿ, ಹಗಲು ತೆರೆದ ಬಾಗಿಲಿನಿಂದಲೇ ಸಿಗ್ನಲ್ ಬರುತ್ತಿರಬಹುದು.

ಸಿಗ್ನಲ್ ಸಾಲದಿದ್ದರೆ ಅಂಗಡಿಯವರು ರಿಪೀಟರ್ ತೋರಿಸುತ್ತಾರೆ, ಗೋಡೆಗೆ ಸಿಕ್ಕಿಸುವ ಚಿಕ್ಕ ಡಬ್ಬಿ. ಅದು ಕೇಳಿಸಿಕೊಂಡದ್ದನ್ನೇ ಅದೇ ಗಾಳಿಯಲ್ಲಿ ಮತ್ತೆ ಕೂಗಿ ಹೇಳುತ್ತದೆ, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ನನ್ನ ಸಲಹೆ ಬೇರೆ. ಅಟ್ಟದ ಮೇಲೆ ಹಳೇ ರೂಟರ್ ಬಿದ್ದಿರುತ್ತದೆ ನೋಡಿ, ಕಂಪನಿ ಬದಲಾಯಿಸಿದಾಗ ಉಳಿದದ್ದು. ಅದನ್ನು ಇಳಿಸಿ ಧೂಳು ಒರೆಸಿ. ಹೊಸ ರೂಟರಿನಿಂದ ಒಂದು ಲ್ಯಾನ್ ಕೇಬಲ್ಲನ್ನು ಅಟ್ಟದ ಮೇಲಿಂದಲೇ ಜಗಲಿವರೆಗೆ ಎಳೆದು ಹಳೇ ರೂಟರಿನ ಲ್ಯಾನ್ ತೂತಿಗೆ ಸಿಕ್ಕಿಸಿ. ವ್ಯಾನ್ ಅಂತ ಬರೆದದ್ದಕ್ಕಲ್ಲ, ಲ್ಯಾನ್‌ಗೇ. ಅದರ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ (ಸೇರಿದ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ, ಅದನ್ನು ಹೊಸ ರೂಟರೊಂದೇ ಮಾಡಲಿ) ಅನ್ನೋದನ್ನು ಆಫ್ ಮಾಡಿ, ಅದರ ಐಪಿ ವಿಳಾಸ ಹೊಸ ರೂಟರಿನದ್ದೇ ಆಗಿರದಂತೆ ನೋಡಿಕೊಳ್ಳಿ. ಜಗಲಿಯಲ್ಲಿ ಪೂರ್ತಿ ಸಿಗ್ನಲ್ಲು, ಅಪ್ಪಯ್ಯನಿಗೆ ಫೋನಲ್ಲಿ ಯಕ್ಷಗಾನ ನೋಡೋಕೂ ಆಯಿತು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಕ್ಯಾಮೆರಾಗೆ ಕರೆಂಟಿನ ವೈರು ಹೊಸದಾಗಿ ಎಳೆಯಲೇಬೇಕು ಅಂತಾದರೆ, ಅದರ ಬದಲು ಲ್ಯಾನ್ ಕೇಬಲ್ಲನ್ನೇ ಎಳೆದು ಪಿಒಇ ಕ್ಯಾಮೆರಾ ಹಾಕಬಹುದು. ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ, 100 ಮೀಟರ್‌ವರೆಗೆ ತೊಂದರೆಯಿಲ್ಲ. ವೈಫೈ ತಲೆನೋವೇ ಇಲ್ಲ. ಆದರೆ ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ ಸಿಡಿಲು. ಹೊರಗೆ ಓಡಾಡುವ ತಾಮ್ರದ ಕೇಬಲ್ಲು ಸಿಡಿಲಿನ ಹೊಡೆತವನ್ನು ನೇರ ರೂಟರಿಗೆ ತಂದು ಬಿಡಬಹುದು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯೋದಿಲ್ಲ. ಆ ಲೆಕ್ಕದಲ್ಲಿ ಮಲೆನಾಡಿನಲ್ಲಿ ವೈಫೈ ಕ್ಯಾಮೆರಾಗೆ ಒಂದು ಒಳ್ಳೆ ಗುಣ ಇದೆ, ಒಂದು ಸುಟ್ಟರೂ ಉಳಿದದ್ದಕ್ಕೆ ಕೇಬಲ್ ದಾರಿಯಲ್ಲಿ ಪೆಟ್ಟು ಹೋಗೋದಿಲ್ಲ. ಗುಡುಗು ಶುರುವಾದರೆ ಟಿವಿ ಪ್ಲಗ್ ತೆಗೆಯುವ ಅಭ್ಯಾಸ ಅಮ್ಮನಿಗೆ ಇದ್ದೇ ಇರುತ್ತದೆ, ರೂಟರಿಂದೂ ಕ್ಯಾಮೆರಾದ್ದೂ ತೆಗೆಯಲಿ. ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅದು ಲೈನಿನಲ್ಲಿ ಬರುವ ಸಣ್ಣಪುಟ್ಟ ಏರಿಳಿತಕ್ಕೆ ಮಾತ್ರ, ಹತ್ತಿರದಲ್ಲೇ ಬಡಿದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ಈಗ ಕರೆಂಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರ್, ಕ್ಯಾಮೆರಾ ಎಲ್ಲವೂ ಇನ್ವರ್ಟರ್ ಲೈನಿಗೇ ಬರಲಿ. ಒಂದು ಕ್ಯಾಮೆರಾ ಐದು ವ್ಯಾಟ್ ಆಸುಪಾಸು ತಿನ್ನುತ್ತದೆ. ದಿನವಿಡೀ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಮೂರು ನಾಲ್ಕು ಗಂಟೆ ತಳ್ಳುತ್ತದೆ. ಆದರೆ ಮೂರು ದಿನ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಎಲ್ಲ ಸರಿ ಇದ್ದರೂ ಇಂಟರ್ನೆಟ್ ನಿಲ್ಲಬಹುದು. ಯಾಕಂದ್ರೆ ದಾರಿಯಲ್ಲಿ ಕಂಬದ ಮೇಲಿನ ಫೈಬರ್ ಡಬ್ಬಿಗೆ ಕರೆಂಟ್ ಬೇಡ, ಆ ತುದಿಯ ಎಕ್ಸ್‌ಚೇಂಜಿಗೆ ಬೇಕು. ಆಗಲೂ ಕ್ಯಾಮೆರಾಗೆ ಕರೆಂಟ್ ಇದ್ದರೆ ಒಳಗಿನ ಮೆಮರಿ ಕಾರ್ಡಿಗೆ ರೆಕಾರ್ಡ್ ಆಗುತ್ತಲೇ ಇರುತ್ತದೆ. ರೆಕಾರ್ಡ್ ಆಗೋಕೆ ಇಂಟರ್ನೆಟ್ ಬೇಕು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಕಾರ್ಡಿಗಾದರೆ ಬೇಡ. ಊರಿನ ಇಂಟರ್ನೆಟ್ ಹೆಚ್ಚಾಗಿ ಖರ್ಚಾಗೋದು ನೀವು ಬೆಂಗಳೂರಿನಲ್ಲಿ ಕೂತು ನೋಡುವಾಗ. ಒಂದೇ ತೊಂದರೆ, ಕೆಲವು ಕ್ಯಾಮೆರಾಗಳು ಕರೆಂಟ್ ಹೋಗಿ ಬಂದಾಗ ಗಂಟೆಯನ್ನು ಇಂಟರ್ನೆಟ್ಟಿನಿಂದಲೇ ಕೇಳಿ ತಿಳಿದುಕೊಳ್ಳುತ್ತವೆ. ಅದೂ ಇಲ್ಲದಿದ್ದರೆ ವಿಡಿಯೊ ಮೇಲೆ ಯಾವುದೋ ತಾರೀಖು ಬೀಳುತ್ತದೆ.

ಈ ಕರೆಂಟಿನ ವಿಷಯದಲ್ಲೇ ಒಂದು ಕತೆ. ಒಬ್ಬರ ಮನೆಯ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿರುತ್ತಿತ್ತು, ಸಂಜೆ ಆರೂಮುಕ್ಕಾಲಿಗೆ ಸರಿಯಾಗಿ ಆಫ್ ಆಗಿ ಆನ್ ಆಗಿ, ಮತ್ತೆ ಆಫ್ ಆಗಿ, ಬೆಳಗಿನವರೆಗೂ ಇದೇ ಆಟ. ಅವರು ಎರಡು ಸಲ ಕ್ಯಾಮೆರಾ ಬದಲಾಯಿಸಿಕೊಂಡಿದ್ದರು. ನಾನು ಹೋಗಿ ನೋಡಿದರೆ ಒಳಗಿನ ಪ್ಲಗ್ಗಿನಿಂದ ಸೂರಿನವರೆಗೆ ಹತ್ತು ಮೀಟರಿನ ತೆಳು ಯುಎಸ್‌ಬಿ ಕೇಬಲ್ಲು. ಕತ್ತಲಾದ ತಕ್ಷಣ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ, ಜಾಸ್ತಿ ಕರೆಂಟ್ ಎಳೆಯುತ್ತವೆ. ಅಷ್ಟುದ್ದದ ತೆಳು ತಂತಿಯಲ್ಲಿ ಆಗ ಒಂದು ವೋಲ್ಟಿಗಿಂತ ಜಾಸ್ತಿ ಸೋರಿಹೋಗುತ್ತದೆ. ಇರೋದೇ ಐದು, ಅದರಲ್ಲಿ ಒಂದು ಹೋದರೆ ಇನ್ನೇನು ಉಳಿಯಿತು? ಪ್ಲಗ್ ಪಾಯಿಂಟನ್ನು ಕ್ಯಾಮೆರಾ ಹತ್ತಿರ ತಂದು ಕಂಪನಿ ಕೊಟ್ಟ ಗಿಡ್ಡ ಕೇಬಲ್ಲನ್ನೇ ಹಾಕಿದೆ, ಸರಿಹೋಯಿತು. ಹಾಗಾಗಿ ಹೊರಗಿನ ಕ್ಯಾಮೆರಾ ಆರಿಸುವಾಗ 12 ವೋಲ್ಟಿನದ್ದು ಸಿಕ್ಕರೆ ಅದೇ ತಗೊಳ್ಳಿ, ಸ್ವಲ್ಪ ಸೋರಿದರೂ ತಡೆದುಕೊಳ್ಳುತ್ತದೆ. ಹೊಸ 230 ವೋಲ್ಟ್ ಪಾಯಿಂಟ್ ಮಾತ್ರ ನೀವು ಎಳೆಯೋಕೆ ಹೋಗಬೇಡಿ. ಊರಿನ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತಲೂ ಅವರನ್ನೇ ಕೇಳಿ. ಒದ್ದೆ ಗೋಡೆಯ ಮನೆಯಲ್ಲಿ ಇದು ತಮಾಷೆಯ ವಿಷಯ ಅಲ್ಲ.

ಕೊಳ್ಳುವಾಗ ಯಾವ ಕಂಪನಿ ಅಂತ ನಾನು ಹೇಳೋದಿಲ್ಲ, ಇವತ್ತು ಚೆನ್ನಾಗಿರೋದು ನಾಳೆ ಕೆಡುತ್ತದೆ. ನನ್ನದೇ ಮನೆಯ ಒಂದು ಕ್ಯಾಮೆರಾದ ಆ್ಯಪ್ ಎರಡೇ ವರ್ಷಕ್ಕೆ ನಿಂತುಹೋಗಿ, ಒಳ್ಳೆ ಕ್ಯಾಮೆರಾ ಆಟದ ಸಾಮಾನಾಯಿತು. ಅದಾದಮೇಲೆ ಎಲ್ಲ ಕಂಪನಿಗೂ ಹೊಂದುವ ಆನ್‌ವಿಫ್ ಅಥವಾ ಆರ್‌ಟಿಎಸ್‌ಪಿ ವ್ಯವಸ್ಥೆ ಇದೆ ಅಂತ ಬರೆಯದ ಕ್ಯಾಮೆರಾ ನಾನು ಮುಟ್ಟೋದಿಲ್ಲ. ಅದಿದ್ದರೆ ಕಂಪನಿ ಆ್ಯಪ್ ಸತ್ತರೂ ಬೇರೆ ರೆಕಾರ್ಡರಿಗೆ ಸೇರಿಸಿಕೊಳ್ಳಬಹುದು. ಡಬ್ಬಿ ಮೇಲೆ ಬಿಐಎಸ್‌ನ (ಸಾಮಾನಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ‘ಆರ್’ ಅಂತ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಯಾಕೆ ಅಷ್ಟು ಬಿಗಿ ಅಂದರೆ, 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಬಂತು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಾಯಿಸದೇ ಬಿಟ್ಟ ಕ್ಯಾಮೆರಾ, ರೆಕಾರ್ಡರ್, ರೂಟರುಗಳನ್ನು ಹುಡುಕಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಶಕ್ಕೆ ತಗೊಂಡಿತು. ಆ ಅಕ್ಟೋಬರಿನಲ್ಲಿ ಅಂಥ ಯಂತ್ರಗಳೆಲ್ಲ ಸೇರಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನೋ ಅಮೆರಿಕದ ಕಂಪನಿ ಮೇಲೆ ಬಿದ್ದಾಗ ಟ್ವಿಟರಿನಂಥ ದೊಡ್ಡ ದೊಡ್ಡ ತಾಣಗಳೇ ಗಂಟೆಗಟ್ಟಲೆ ಸಿಗಲಿಲ್ಲ. ಅಡಿಕೆ ಕಾಯೋಕೆ ಹಾಕಿದ ಕ್ಯಾಮೆರಾ ಯಾರದೋ ದಂಡಿಗೆ ಸಿಪಾಯಿ ಆಗೋದು ಬೇಡ ಅಲ್ವಾ? ಉದ್ದದ ಪಾಸ್‌ವರ್ಡ್ ಇಡಿ, ಆ್ಯಪ್‌ನಲ್ಲಿ ಓಟಿಪಿ ಕೇಳುವ ಎರಡು ಹಂತದ ಲಾಗಿನ್ ಆನ್ ಮಾಡಿ, ರೂಟರಿನ ಯುಪಿಎನ್‌ಪಿ (ಒಳಗಿನ ಯಂತ್ರ ಕೇಳಿದರೆ ಹೊರಗಿನ ಇಂಟರ್ನೆಟ್ಟಿಗೆ ತಾನಾಗಿ ಬಾಗಿಲು ತೆರೆಯುವ ಸೆಟ್ಟಿಂಗ್) ಆಫ್ ಮಾಡಿ. ನಿಮಗೆ ತಂಗಿ ಇದ್ದು ಅವಳೂ ನೋಡಬೇಕು ಅಂದರೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ, ಆ್ಯಪ್‌ನಲ್ಲಿ ಶೇರ್ ಅಂತ ಇರುತ್ತದೆ, ಅದನ್ನು ಬಳಸಿ.

ಮೆಮರಿ ಕಾರ್ಡಿನಲ್ಲಿ ಜಿಪುಣತನ ಬೇಡ. ಫುಲ್ ಎಚ್‌ಡಿ ವಿಡಿಯೊ ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿದರೆ ದಿನಕ್ಕೆ ಸುಮಾರು 21 ಜಿಬಿ. 128 ಜಿಬಿ ಕಾರ್ಡು ಆರು ದಿನಕ್ಕೆ ತುಂಬಿ ಹಳೆಯದರ ಮೇಲೆ ಮತ್ತೆ ಬರೆಯಲು ಶುರುಮಾಡುತ್ತದೆ. ವಿಡಿಯೊವನ್ನು ಇನ್ನಷ್ಟು ಒತ್ತಿ ಚಿಕ್ಕದು ಮಾಡುವ ಎಚ್.265 ಇದ್ದರೆ ಹತ್ತಿರ ಹತ್ತಿರ ಎರಡರಷ್ಟು ದಿನ. ಹೀಗೆ ವರ್ಷವಿಡೀ ಬರೆದು ಅಳಿಸಿ ಬರೆಯೋಕೆ ಫೋನಿನ ಸಾಮಾನ್ಯ ಕಾರ್ಡು ತಡೆಯೋದಿಲ್ಲ. ‘ಹೈ ಎಂಡ್ಯೂರೆನ್ಸ್’ ಅಂತ ಬರೆದದ್ದು ಕೇಳಿ ತಗೊಳ್ಳಿ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯಿತು. ಅದಕ್ಕೆ ಜಗಲಿ ಕ್ಯಾಮೆರಾ ಒಂದಕ್ಕಾದರೂ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ವಿಡಿಯೊ ಇಡುವ ವ್ಯವಸ್ಥೆ, ಇಟ್ಟುಕೊಳ್ಳಬಹುದು. ಉಳಿದದ್ದಕ್ಕೆ ಬೇಡ.

ಸರಿ, ಸಾಮಾನು ತಂದಾಯಿತು. ಇನ್ನು ಡ್ರಿಲ್ ಎತ್ತಿಡಿ, ಈಗಲ್ಲ. ಮೊದಲು ರೂಟರ್ ಪಕ್ಕದಲ್ಲೇ, ನೆಲದ ಮೇಲೆ ಕೂತು, ಒಂದೊಂದೇ ಕ್ಯಾಮೆರಾವನ್ನು ಆ್ಯಪ್‌ಗೆ ಸೇರಿಸಿ. ಹೆಚ್ಚಿನ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಹೊಸ ರೂಟರುಗಳು 2.4, 5 ಎರಡನ್ನೂ ಒಂದೇ ಹೆಸರಲ್ಲಿ ಬಿಡುತ್ತವೆ, ಫೋನು 5ಕ್ಕೆ ಅಂಟಿಕೊಂಡಿರುತ್ತದೆ, ಕ್ಯಾಮೆರಾ ‘ವೈಫೈ ಸಿಗಲಿಲ್ಲ’ ಅಂತ ಅಳುತ್ತಾ ಕೂರುತ್ತದೆ. ಸೇರಿಸುವಷ್ಟು ಹೊತ್ತು ರೂಟರಿನಲ್ಲಿ 5 ಆಫ್ ಮಾಡಿ, ಫೋನಿನ ಮೊಬೈಲ್ ಡೇಟಾವನ್ನೂ ಆಫ್ ಮಾಡಿ. ವೈಫೈ ಭದ್ರತೆಯ ಸೆಟ್ಟಿಂಗಿನಲ್ಲಿ ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಡಬ್ಲ್ಯೂಪಿಎ2 ಮಾಡಿ. ಸೇರಿದ ಮೇಲೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್, ಸಮಯ, ಕಾರ್ಡ್ ಫಾರ್ಮ್ಯಾಟ್ ಎಲ್ಲ ಕೆಳಗೇ ಮುಗಿಸಿ. ಏಣಿ ಮೇಲೆ ನಿಂತು ಪಾಸ್‌ವರ್ಡ್ ಒತ್ತುವ ಕಷ್ಟ ಯಾರಿಗೂ ಬೇಡ.

ಆಮೇಲೆ ಕ್ಯಾಮೆರಾವನ್ನು ಅಂದುಕೊಂಡ ಜಾಗದಲ್ಲಿ ಸುಮ್ನೆ ದಾರದಲ್ಲಿ ಕಟ್ಟಿ. ಎರಡು ರಾತ್ರಿ ಹಾಗೇ ಬಿಡಿ. ಈ ಎರಡು ರಾತ್ರಿ ಕಲಿಸುವಷ್ಟು ಯಾವ ವಿಡಿಯೊ ನೋಡಿದರೂ ಬರೋದಿಲ್ಲ. ಸೂರಿನ ಅಂಚೋ ಗೋಡೆಯೋ ತೀರಾ ಹತ್ತಿರ ಇದ್ದರೆ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ವಾಪಸ್ ಬರುತ್ತದೆ, ಅರ್ಧ ಚಿತ್ರ ಬಿಳಿಚಿಕೊಂಡು ಅಂಗಳ ಕಪ್ಪಾಗುತ್ತದೆ. ನಾನು ಮೊದಲ ಸಲ ಹಾಕಿದ್ದು ಕಿಟಕಿ ಗಾಜಿನ ಒಳಗಿನಿಂದ, ಮಳೆ ತಾಗದಿರಲಿ ಅಂತ ಜಾಣತನ. ರಾತ್ರಿ ನೋಡಿದರೆ ಕ್ಯಾಮೆರಾ ತನ್ನ ಮುಖವನ್ನೇ ನೋಡುತ್ತಾ ಕೂತಿತ್ತು! ಅಡಿಕೆ ಚಪ್ಪರದ ದಬ್ಬೆಗೆ ಕಟ್ಟಿದರೆ ಗಾಳಿಗೆ ಕಂಬ ತೂಗುತ್ತದೆ, ತೂಗಿದಾಗಲೆಲ್ಲ ಫೋನಿಗೆ ‘ಚಲನೆ ಕಂಡಿದೆ’ ಅಂತ ಸಂದೇಶ. ನಾಯಿ, ಬೆಕ್ಕು, ಬಾಳೆ ಎಲೆ, ಮಳೆಹನಿ ಎಲ್ಲದಕ್ಕೂ ಕೂಗುತ್ತಿದ್ದರೆ ನಾಲ್ಕನೇ ದಿನ ನೀವೇ ಅದರ ಬಾಯಿ ಮುಚ್ಚಿಸುತ್ತೀರಿ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಆನ್ ಮಾಡಿ, ಅಂಗಳದ ಚೌಕ ಬಿಟ್ಟು ಉಳಿದ ಜಾಗವನ್ನು ಲೆಕ್ಕಕ್ಕೆ ತಗೋಬೇಡ ಅಂತ ಗೆರೆ ಎಳೆದು ತೋರಿಸಿ. ಅಂಗಳಕ್ಕೆ ಜನ ಬಂದರೆ ಹೊತ್ತಿಕೊಳ್ಳುವ ಸೆನ್ಸರ್ ಲೈಟ್ ಒಂದು ಹಾಕಿ. ನನ್ನ ಕೇಳಿದರೆ ಕಳ್ಳನನ್ನು ಓಡಿಸೋಕೆ ಕ್ಯಾಮೆರಾಗಿಂತ ಆ ಲೈಟೇ ವಾಸಿ. ಆದರೆ ಅದು ಕ್ಯಾಮೆರಾದಿಂದ ನಾಲ್ಕಾರು ಅಡಿ ದೂರ ಇರಲಿ, ಹುಳ ಮುತ್ತುತ್ತವೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ, ಆ ಬಲೆ ರಾತ್ರಿ ಚಿತ್ರದಲ್ಲಿ ಹಗ್ಗದ ಹಾಗೆ ಹೊಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಹಿಡಿಕಡ್ಡಿ ಆಡಿಸಬೇಕು, ಬೇರೆ ಮದ್ದಿಲ್ಲ.

ತಲೆ ತಿರುಗಿಸುವ ಕ್ಯಾಮೆರಾ ಬೇಡ. ನಿಮ್ಮೂರಲ್ಲಿ ಮಂಗಗಳಿವೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಂಥದ್ದೊಂದು ಹಾಕಿದ್ದೆ. ತಾನಾಗಿ ತಿರುಗುವ ಬಿಳಿ ಬುರುಡೆ ಕಂಡು ಮಂಗನಿಗೆ ಏನನ್ನಿಸಿತೋ, ಮೂರನೇ ದಿನ ಅದು ತೆಂಗಿನ ಮರದ ಬುಡದಲ್ಲಿತ್ತು. ಕೊನೆಯ ಕ್ಲಿಪ್ಪಿನಲ್ಲಿ ಹಲ್ಲು ಮಾತ್ರ ಕಾಣುತ್ತದೆ.

ಎರಡು ರಾತ್ರಿ ಕಳೆದು, ಜಾಗ ಗಟ್ಟಿಯಾದ ಮೇಲೆ ಡ್ರಿಲ್. ಹೆಂಚಿನ ಮನೆಯಾದ್ದರಿಂದ ಪಕಾಸಿಗೇ, ಅಂದರೆ ಮಾಡಿನ ಮರಕ್ಕೇ, ಸ್ಕ್ರೂ ಹಾಕೋದು ಎಲ್ಲಕ್ಕಿಂತ ಸುಲಭ, ಗೋಡೆಯನ್ನೇ ಮುಟ್ಟಬೇಕಾಗಿಲ್ಲ. ಗೋಡೆಗೇ ಆದರೆ, ಜಂಬಿಟ್ಟಿಗೆ ಮೆತ್ತಗಿನ ಕಲ್ಲು, ಹ್ಯಾಮರ್ ಮೋಡಿನಲ್ಲಿ ಹೊಡೆದರೆ ತೂತು ಅಗಲವಾಗಿ ರಾವಲ್ ಪ್ಲಗ್ ಸಡಿಲವಾಗುತ್ತದೆ. ಮೆಲ್ಲಗೆ, ಹ್ಯಾಮರ್ ಇಲ್ಲದೆ, ಒಂದು ಅಳತೆ ಚಿಕ್ಕ ಬಿಟ್‌ನಲ್ಲಿ ಶುರುಮಾಡಿ. ಕೇಬಲ್ ಒಳಹೋಗುವ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ. ಕೇಬಲ್ಲು ತೂತಿಗೆ ಹೋಗುವ ಮುಂಚೆ ಒಂದು ಸಲ ಕೆಳಗಿಳಿದು ಮತ್ತೆ ಮೇಲೆ ಹೋಗುವಂತೆ ಬಾಗಿಸಿ, ಮಳೆನೀರು ಆ ತಗ್ಗಿನಿಂದಲೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಯೊಳಗೆ ಹರಿಯೋದಿಲ್ಲ. ಐಪಿ66 ಅಂತ ಬರೆದ ಕ್ಯಾಮೆರಾ ಮಳೆಗೆ ಹೆದರೋದಿಲ್ಲ, ನಿಜ. ಆದರೆ ಅದರ ಬಾಲದಲ್ಲಿರುವ ಪಿನ್ನು, ಅಡಾಪ್ಟರು ಐಪಿ66 ಅಲ್ಲ. ಹಾಳಾಗೋದು ಯಾವಾಗಲೂ ಅಲ್ಲೇ. ಜೋಡಣೆಯನ್ನೆಲ್ಲ ಪಿವಿಸಿ ಜಂಕ್ಷನ್ ಬಾಕ್ಸಿನೊಳಗೆ ಇಟ್ಟು, ಬಾಕ್ಸಿನ ಸಂದಿಗೆ ಸಿಲಿಕೋನ್ ಹಚ್ಚಿ. ಇಲ್ಲದಿದ್ದರೆ ನೀರಿಗಿಂತ ಮೊದಲು ಇರುವೆ ಮನೆ ಮಾಡುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯೊಳಗೆ ಕ್ಯಾಮೆರಾ ಹಾಕುವ ಯೋಚನೆ ಇದ್ದರೆ ಅಮ್ಮನನ್ನು ಕೇಳದೆ ಹಾಕಬೇಡಿ. ಒಬ್ಬ ಹುಡುಗ ಅಮ್ಮನ ಆರೋಗ್ಯ ನೋಡಿಕೊಳ್ಳೋಕೆ ಅಂತ ಅಡುಗೆಮನೆಗೆ ಕ್ಯಾಮೆರಾ ಹಾಕಿಸಿಕೊಂಡ, ಹಾಕಿಕೊಟ್ಟವನು ನಾನೇ. ಒಂದು ವಾರಕ್ಕೆ ಚಿತ್ರ ಬರ್ತಿಲ್ಲ ಅಂತ ಫೋನ್ ಬಂತು. ಹೋಗಿ ನೋಡಿದರೆ ಆ ಅಮ್ಮ ಕ್ಯಾಮೆರಾಗೆ ಒದ್ದೆ ಟವೆಲ್ ಹೊದಿಸಿದ್ದರು. ‘ಇಲ್ಲೇ ಒಣಗ್ಲಿ ಅಂತ’ ಅಂದರು. ನಾನು ಟವೆಲ್ ತೆಗೆಯಲಿಲ್ಲ, ಕ್ಯಾಮೆರಾವನ್ನೇ ತೆಗೆದು ಜಗಲಿಗೆ ಹಾಕಿ ಬಂದೆ. 2025ರಲ್ಲಿ ಕೋಲ್ಕತ್ತಾದ ಅಣ್ಣತಮ್ಮಂದಿರ ಒಂದು ವ್ಯಾಜ್ಯದಲ್ಲಿ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಓಡಿಸುವಂತಿಲ್ಲ ಅಂತ ಅಲ್ಲಿನ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟೂ ಅದನ್ನು ಬದಲಾಯಿಸಲಿಲ್ಲ. ಪಕ್ಕದ ಮನೆಯವರ ಬಚ್ಚಲು, ಹಿತ್ತಿಲು ನಿಮ್ಮ ಚಿತ್ರದಲ್ಲಿ ಬೀಳುತ್ತಿದ್ದರೆ ಆ ಭಾಗಕ್ಕೆ ಆ್ಯಪ್‌ನಲ್ಲೇ ಕಪ್ಪು ಪಟ್ಟಿ ಹಾಕಬಹುದು. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ಜಗಲಿಯಲ್ಲಿ ಕೂತು ಮಾತಾಡುವವರ ಮಾತೂ ರೆಕಾರ್ಡ್ ಆಗುತ್ತಿರುತ್ತದೆ, ಮೈಕ್ ಆಫ್ ಮಾಡಿಡಿ.

ಏನಾದರೂ ನಡೆದೇ ಹೋದರೆ 112ಕ್ಕೆ ಫೋನ್ ಮಾಡಿ, ಆ ಕ್ಲಿಪ್ಪನ್ನು ಅವತ್ತೇ ಇಳಿಸಿಟ್ಟುಕೊಳ್ಳಿ, ಕಾರ್ಡನ್ನು ಹೊರತೆಗೆದು ಹಾಗೇ ಇಡಿ. ಆರು ದಿನ ಬಿಟ್ಟರೆ ಅದರ ಮೇಲೆ ಹೊಸದು ಬರೆದುಬಿಡುತ್ತದೆ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಕೇಳುತ್ತಾರೆ, ವಿಡಿಯೊ ಮೇಲಿನ ಗಂಟೆ ಸರಿ ಇರಬೇಕು ಅಂತ ನಾನು ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ದೀಪಾವಳಿ ರಜೆ ನಾಲ್ಕು ದಿನ ಅಂದುಕೊಳ್ಳೋಣ. ಮೊದಲ ದಿನ ಸಿಗ್ನಲ್ ಅಳೆದು ಪ್ಲಗ್ ಪಾಯಿಂಟ್ ಹಾಕಿಸಿ, ಅವತ್ತು ಸಂಜೆಯೊಳಗೆ ದಾರದಲ್ಲಿ ಕಟ್ಟಿಬಿಟ್ಟರೆ ಎರಡು ರಾತ್ರಿ ಸಿಗುತ್ತದೆ. ಮೂರನೇ ದಿನ ಸ್ಕ್ರೂ ಹಾಕಿ. ಅವತ್ತು ರಾತ್ರಿ ಒಂಬತ್ತಕ್ಕೆ ಅಂಗಳದ ದೀಪ ಆರಿಸಿ, ತಲೆಗೆ ಒಂದು ಟವೆಲ್ ಸುತ್ತಿಕೊಂಡು, ನೀವೇ ದಣಪೆ ದಾಟಿ ಅಡಿಕೆ ಚಪ್ಪರ, ಅಲ್ಲಿಂದ ಜಗಲಿ ಮೆಟ್ಟಿಲಿನವರೆಗೆ ಕಳ್ಳನ ಹಾಗೆ ನಡೆದು ಬನ್ನಿ. ಆಮೇಲೆ ಜಗಲಿ ಕ್ಯಾಮೆರಾದ ಕ್ಲಿಪ್ಪನ್ನು ತಂಗಿಗೆ ಕಳಿಸಿ ಯಾರು ಅಂತ ಕೇಳಿ. ಅವಳು ‘ಅಣ್ಣ’ ಅಂದರೆ ಕ್ಯಾಮೆರಾ ಸರಿಯಾದ ಜಾಗದಲ್ಲಿದೆ. ನಡೆಯೋಕೆ ಮುಂಚೆ ಅಪ್ಪಯ್ಯನಿಗೆ ಮಾತ್ರ ವಿಷಯ ಹೇಳಿಟ್ಟಿರಿ, ಅವರು ಕತ್ತಿ ಹಿಡಿದುಕೊಂಡು ಹೊರಗೆ ಬಂದಾರು.